ಕಾಸಿಮೊವ್ ಖಾನನೂ ಅವನ ಚರಿತ್ರೆಕಾರನೂ

ಕ್ರಿ.ಶ. 1602. ಮಾಸ್ಕೋದಲ್ಲಿ ಬೊರಿಸ್ ಗೊದುನೊವ್ ಪಟ್ಟಕ್ಕೆ ಬಂದು ನಾಲ್ಕು ವರ್ಷಗಳಾಗಿದ್ದವು. ಹಿಂದಿನ ಬೇಸಿಗೆಯ ಚಳಿಮಳೆಗೆ ಪೈರು ಹೊಲದಲ್ಲೇ ಕೊಳೆತು, ರಷ್ಯಾದ ಹಳ್ಳಿಹಳ್ಳಿಗೂ ಕ್ಷಾಮ ಕಾಲಿಟ್ಟಿತ್ತು. ಆ ವರ್ಷ, ಮಾಸ್ಕೋದ ಆಗ್ನೇಯಕ್ಕೆ ಓಕಾ ನದಿಯ ದಡದಲ್ಲಿದ್ದ ಕಾಸಿಮೊವ್ ಪಟ್ಟಣದಲ್ಲಿ, ಖಾನನ ಆಸ್ಥಾನದ ಒಬ್ಬ ಸರದಾರ ತುರ್ಕಿ ಭಾಷೆಯಲ್ಲಿ ಒಂದು ಚರಿತ್ರೆಯನ್ನು ರಚಿಸಿದ. ಅವನ ಹೆಸರು ಕಾದಿರ್ ಅಲಿ ಬೆಕ್. ಕುಲ ಜಲಾಯಿರ್. ಒಡೆಯ, ಕಾಸಿಮೊವ್‌ನ ಖಾನ ಉರಾಜ್ ಮುಹಮ್ಮದ್.

ಗ್ರಂಥದ ಆರಂಭದಲ್ಲಿ ಬೊರಿಸ್ ಗೊದುನೊವನ ಪ್ರಶಸ್ತಿಯಿದೆ. ಮುಸಲ್ಮಾನ ಸರದಾರನೊಬ್ಬ ಕ್ರೈಸ್ತ ಚಕ್ರವರ್ತಿಯನ್ನು ಪಾದಷಾಹನೆಂದು ಕೊಂಡಾಡಿ, ಆಮೇಲೆ ಚೆಂಗೀಸ್ ಖಾನನ ವಂಶದ ಕಥೆಗೆ ಕೈಹಾಕುತ್ತಾನೆ. ನೂರಾರು ವರ್ಷಗಳನ್ನು ದಾಟಿ, ಕಡೆಗೆ ತನ್ನ ಒಡೆಯನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ತಾತಾರರ ಇತಿಹಾಸವನ್ನು ಬರೆಯಹೊರಟ ಎಲ್ಲರೂ ಒಂದಲ್ಲ ಒಂದು ಘಟ್ಟದಲ್ಲಿ ಈ ಸರದಾರನ ಮಾತಿಗೆ ಕಿವಿಗೊಡಲೇಬೇಕಾಗಿದೆ. ಅದಕ್ಕೆ ಕಾರಣ ಅವನ ಕಾಲದಲ್ಲಿದೆ.

ಆ ವೇಳೆಗೆ ತಾತಾರರ ಸಿಂಹಾಸನಗಳು ಒಂದೊಂದಾಗಿ ಉರುಳಿದ್ದವು. 1552ರ ಅಕ್ಟೋಬರ್‌ನಲ್ಲಿ ಮಾಸ್ಕೋದ ಅರಸ ನಾಲ್ಕನೆಯ ಇವಾನ್ ಕಜಾನ್ ಕೋಟೆಯ ಗೋಡೆಗಳನ್ನು ಮದ್ದಿನಿಂದ ಸಿಡಿಸಿ ಒಳನುಗ್ಗಿದ. 1556ರಲ್ಲಿ ವೋಲ್ಗಾದ ಮುಖಜಭೂಮಿಯ ಅಸ್ತ್ರಾಖಾನ್ ಅವನ ಕೈಸೇರಿತು. 1582ರಲ್ಲಿ ಯೆರ್ಮಾಕನ ಕೊಸಾಕರು ಸೈಬೀರಿಯದ ಖಾನ ಕುಚುಮನ ರಾಜಧಾನಿಯನ್ನು ಹಿಡಿದರು. ಕುಚುಮ್ ಅಲ್ಲಿಂದಾಚೆಗೆ ಕಾಡುಮೇಡು ಅಲೆಯುತ್ತ ಹೋರಾಡಿ 1598ರಲ್ಲಿ ಕಡೆಯ ಸೋಲು ಕಂಡ. ಚೆಂಗೀಸನ ಹಿರಿಯ ಮಗ ಜೋಚಿಯ ಸಂತತಿಯ ಹಳೆಯ ತಾತಾರ ಖಾನರಾಜ್ಯಗಳ ಪೈಕಿ ತಲೆಯೆತ್ತಿ ನಿಂತದ್ದು ಕ್ರಿಮಿಯಾ. ಅದಕ್ಕೂ ಒಟ್ಟೋಮನ್ ಸುಲ್ತಾನನ ಆಸರೆಯಿತ್ತು.

ಸಿಂಹಾಸನದ ಜೊತೆಗೆ ಕಾಗದಪತ್ರಗಳೂ ಹೋದವು. ಕಜಾನ್ ಖಾನರ ದಫ್ತರದಿಂದ ಇಂದಿಗೆ ಉಳಿದುಬಂದ ಫರ್ಮಾನುಗಳು ಬೆರಳೆಣಿಕೆಯವು. 1550ರ ಮುತ್ತಿಗೆಯನ್ನು ಕಜಾನಿಗರು ಹಿಮ್ಮೆಟ್ಟಿಸಿದ್ದರ ಬಗ್ಗೆ ಶರೀಫಿ ಬರೆದ ವಿಜಯವೃತ್ತಾಂತವೊಂದಿದೆ. ಆ ಆಸ್ಥಾನದ ಸಮಗ್ರ ಚರಿತ್ರೆ ಯಾವುದೂ ಉಳಿದಿಲ್ಲ. ಕಜಾನಿನ ಕಥೆಯನ್ನು ಉದ್ದಕ್ಕೂ ಹೇಳುವ ಹೆಸರಾಂತ ಗ್ರಂಥ ‘ಕಜಾನ್ ಇತಿಹಾಸ’ ರಷ್ಯನ್ ಭಾಷೆಯದು, 1560ರ ದಶಕದ್ದು. ಅದನ್ನು ಬರೆದವನು ತಾನು ಇಪ್ಪತ್ತು ವರ್ಷ ಕಜಾನಿನಲ್ಲಿ ಸೆರೆಯಾಳಾಗಿದ್ದೆನೆಂದು ಹೇಳಿಕೊಳ್ಳುತ್ತಾನೆ. ಒಳಗಿನ ಸಂಗತಿ ಅವನಿಗೆ ಎಷ್ಟೇ ಗೊತ್ತಿರಲಿ, ಅವನ ಕಣ್ಣಿಗೆ ಕಜಾನಿನ ಪತನ ದೈವಸಂಕಲ್ಪ. ಗೆದ್ದವನ ಪಕ್ಷದಿಂದಲೇ ಅವನ ಲೇಖನಿ ಓಡುತ್ತದೆ. ಸೋತವರ ಕಡೆಯಿಂದ, ಅವರದೇ ನುಡಿಯಲ್ಲಿ, ಕುಲಗೋತ್ರಗಳ ಸಮೇತ ಮಾತಾಡುವ ಬರಹಗಳು ತೀರ ವಿರಳ. ಕಾಸಿಮೊವ್‌ನ ಸರದಾರನಿಗೆ ಬೆಲೆ ಬಂದದ್ದು ಹಾಗೆ.

ಇಷ್ಟಕ್ಕೂ ಮಾಸ್ಕೋದ ಮಗ್ಗುಲಲ್ಲೇ ಖಾನನೊಬ್ಬ ಇದ್ದದ್ದು ಹೇಗೆ? ಅದರ ಮೂಲ ನೂರೈವತ್ತು ವರ್ಷ ಹಿಂದಿನದು. 1445ರ ಬೇಸಿಗೆಯಲ್ಲಿ ಸುಜ್ದಾಲ್ ಪಟ್ಟಣದ ಬಳಿ ತಾತಾರ ಖಾನ ಉಲುಗ್ ಮುಹಮ್ಮದನ ಮಕ್ಕಳು ಮಾಸ್ಕೋದ ಮಹಾಪ್ರಭು ಎರಡನೆಯ ವಾಸಿಲಿಯನ್ನು ರಣರಂಗದಲ್ಲೇ ಸೆರೆಹಿಡಿದರು. ಭಾರಿ ಬಿಡುಗಡೆ ಹಣಕ್ಕೆ ಒಪ್ಪಿ ವಾಸಿಲಿ ಊರು ಸೇರಿದ. ಕೆಲಕಾಲದಲ್ಲಿ ಖಾನನ ಮಗ ಕಾಸಿಂ ಅದೇ ವಾಸಿಲಿಯ ಪಕ್ಷಕ್ಕೆ ಬಂದ. ಅವನಿಗೆ ಓಕಾ ದಡದ ಮೆಶ್ಚೆರಾ ಸೀಮೆಯ ಪಟ್ಟಣವೊಂದು ಜಹಗೀರಾಗಿ ದೊರೆಯಿತು. 1452 ಎಂದು ಸಾಮಾನ್ಯವಾಗಿ ಅದರ ಕಾಲವನ್ನು ಹೇಳುವುದುಂಟು. ಮುಂದೆ ಆ ಪಟ್ಟಣ ಅವನ ಹೆಸರಿನಿಂದಲೇ ಕಾಸಿಮೊವ್ ಆಯಿತು. ತಾತಾರರು ಅದನ್ನು ಖಾನ್ ಕೆರ್ಮಾನ್ ಎಂದರು, ಖಾನನ ಕೋಟೆ.

ಮಾಸ್ಕೋಗೆ ಈ ಏರ್ಪಾಡಿನಿಂದ ಬಹಳ ಲಾಭವಿತ್ತು. ಹುಲ್ಲುಗಾವಲಿನ ನಾಡಿನಲ್ಲಿ ಖಾನ ಎನಿಸಿಕೊಳ್ಳಲು ಚೆಂಗೀಸನ ರಕ್ತವಿರಬೇಕು. ಎಂಥ ಶೂರನಾದರೂ ಬೇರೆ ಕುಲದವನಿಗೆ ಆ ಪದವಿ ಸಲ್ಲದು. ಅಂಥ ರಕ್ತದ ರಾಜಕುಮಾರರನ್ನು ಕೈಯಳತೆಯಲ್ಲಿ ಇಟ್ಟುಕೊಂಡರೆ ಕಜಾನಿಗೋ ಅಸ್ತ್ರಾಖಾನಿಗೋ ಬೇಕೆಂದಾಗ ಒಬ್ಬ ಖಾನನನ್ನು ಕಳುಹಿಸಬಹುದು. ಕಾಸಿಮೊವ್‌ನ ಶಾ ಅಲಿಯನ್ನು ಮಾಸ್ಕೋ ಹೀಗೆ ಮೂರು ಸಲ ಕಜಾನಿನ ಗದ್ದುಗೆಗೇರಿಸಿತು; ಮೂರು ಸಲವೂ ಅವನು ಅಲ್ಲಿ ನಿಲ್ಲಲಾಗಲಿಲ್ಲ. ಅವನು 1555ರಲ್ಲಿ ಕಟ್ಟಿಸಿದ ಕಲ್ಲಿನ ಗೋರಿಮನೆ ಕಾಸಿಮೊವ್‌ನಲ್ಲಿ ಇಂದಿಗೂ ಇದೆ. ಅಲ್ಲಿನ ಮತ್ತೊಬ್ಬ ಖಾನ ಸಾಯಿನ್ ಬುಲಾತ್ ಕ್ರೈಸ್ತನಾಗಿ ಸಿಮಿಯೋನ್ ಎಂದು ಹೆಸರು ಪಡೆದ. 1575ರಲ್ಲಿ ಇವಾನ್ ಅವನನ್ನು ಸಮಸ್ತ ರಷ್ಯಾದ ಮಹಾಪ್ರಭುವೆಂದು ಕೂರಿಸಿ, ತಾನು ಕೆಳಗೆ ನಿಂತು ಅವನಿಗೆ ಬಿನ್ನವತ್ತಳೆ ಬರೆದ. ಒಂದು ವರ್ಷದೊಳಗೆ ಆ ಆಟ ಮುಗಿಯಿತು. ಚೆಂಗೀಸನ ರಕ್ತಕ್ಕೆ ಮಾಸ್ಕೋದ ಅರಮನೆಯಲ್ಲೂ ಎಷ್ಟು ತೂಕವಿತ್ತೆಂಬುದಕ್ಕೆ ಅದೊಂದು ಸಾಕ್ಷಿ.

ಕಾದಿರ್ ಅಲಿಯ ಒಡೆಯ ಉರಾಜ್ ಮುಹಮ್ಮದ್ ಈ ಪಟ್ಟಣಕ್ಕೆ ಬಂದ ದಾರಿ ಮಾತ್ರ ಬೇರೆ. ಅವನು ಕಜಾಕ್ ಖಾನರ ಕುಡಿ. ಶಿಗಾಯ್ ಖಾನನ ಮೊಮ್ಮಗ, ಒಂದಾನ್ ಸುಲ್ತಾನನ ಮಗ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಸೈಬೀರಿಯದ ಕಡೆ ಬಂದ ಅವನು, ಕುಚುಮನ ಹಗೆಯಾದ ಸೈದ್ಯಾಕ್ ಎಂಬ ಅರಸನ ಜೊತೆಗೂಡಿದ. ಯೆರ್ಮಾಕ್ ಸತ್ತ ಮೇಲೆ ಹಳೆಯ ರಾಜಧಾನಿಯನ್ನು ಹಿಡಿದಿದ್ದವನು ಈ ಸೈದ್ಯಾಕ್. ಹತ್ತಿರದಲ್ಲೇ, 1587ರಲ್ಲಿ, ರಷ್ಯಾದ ದಳವಾಯಿ ದನಿಲಾ ಚುಲ್ಕೊವ್ ತೊಬೋಲ್ಸ್ಕ್ ಎಂಬ ಮರದ ಕೋಟೆ ಕಟ್ಟಿ ಕುಳಿತಿದ್ದ.

ಮುಂದಿನದನ್ನು ಸೈಬೀರಿಯದ ರಷ್ಯನ್ ಬಖೈರುಗಳು ಬಿಡಿಸಿ ಹೇಳುತ್ತವೆ. 1588ರಲ್ಲಿ ಸೈದ್ಯಾಕ್, ತರುಣ ಉರಾಜ್ ಮುಹಮ್ಮದ್, ಮತ್ತು ಹಿಂದೆ ಕುಚುಮನ ಮಂತ್ರಿಯಾಗಿದ್ದ ಕರಾಚಾ, ಮೂವರೂ ಪರಿವಾರ ಸಮೇತ ಡೇಗೆಬೇಟೆಗೆಂದು ತೊಬೋಲ್ಸ್ಕ್ ಸಮೀಪದ ಹುಲ್ಲುಗಾವಲಿಗೆ ಬಂದರು. ಚುಲ್ಕೊವ್ ಸಂಧಿಯ ಮಾತಿಗೆಂದು ಊಟಕ್ಕೆ ಕರೆದ. ಕೋಟೆಯೊಳಕ್ಕೆ ಬರುವವರು ನೂರು ಜನ ಮೀರಬಾರದು, ಆಯುಧ ಹೊರಗಿಡಬೇಕು ಎಂಬ ಕಟ್ಟುಪಾಡು. ಊಟಕ್ಕೆ ಕುಳಿತ ಸೈದ್ಯಾಕ್ ಏನನ್ನೂ ಮುಟ್ಟದೆ ಚಿಂತೆಯಲ್ಲಿ ಮುಳುಗಿದ್ದ. ದಳವಾಯಿ ಅದನ್ನು ಗಮನಿಸಿ, ಮನಸ್ಸಿನಲ್ಲಿ ಕೇಡಿಲ್ಲದಿದ್ದರೆ ಈ ಬಟ್ಟಲನ್ನು ಕುಡಿದು ತೋರಿಸು ಎಂದು ಮದ್ಯದ ಬಟ್ಟಲು ಚಾಚಿದ. ಸೈದ್ಯಾಕನಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಬಟ್ಟಲು ಉರಾಜ್ ಮುಹಮ್ಮದನಿಗೆ ಬಂತು, ಅವನಿಗೂ ಸಿಕ್ಕಿಕೊಂಡಿತು. ಕರಾಚಾನಿಗೂ ಅದೇ ಗತಿ. ದೇವರೇ ಇವರ ಒಳಸಂಚನ್ನು ಬಯಲು ಮಾಡಿದನೆಂದು ಚುಲ್ಕೊವ್ ಕೈಸನ್ನೆ ಮಾಡಿದ. ಮೂವರನ್ನೂ ಕಟ್ಟಿಹಾಕಿ, ಹೊರಗಿದ್ದ ಪರಿವಾರವನ್ನು ಚೆದುರಿಸಿ, ಸೆರೆಯಾಳುಗಳನ್ನು ಮಾಸ್ಕೋಗೆ ಸಾಗಿಸಿದರು. ಬಟ್ಟಲಿನ ಪ್ರಸಂಗ ಗೆದ್ದವರು ತಮ್ಮ ಮೋಸಕ್ಕೆ ತೊಡಿಸಿದ ದೈವದ ಮುಸುಕೆಂದು ಓದುವವರಿಗೆ ತಿಳಿದೇ ತಿಳಿಯುತ್ತದೆ. ಸೆರೆಸಿಕ್ಕ ಆ ಕರಾಚಾ ಕಾದಿರ್ ಅಲಿಯೇ ಇರಬಹುದೆಂದು ಊಹಿಸಿದ ವಿದ್ವಾಂಸರೂ ಇದ್ದಾರೆ.

ಮಾಸ್ಕೋ ಈ ರಾಜಕುಮಾರನನ್ನು ಕತ್ತಲೆಮನೆಗೆ ತಳ್ಳಲಿಲ್ಲ. ಅವನ ರಕ್ತದ ಬೆಲೆ ಅಲ್ಲಿನವರಿಗೆ ಗೊತ್ತಿತ್ತು. 1590ರಲ್ಲಿ ಸ್ವೀಡನ್ನರ ಮೇಲಿನ ದಂಡಯಾತ್ರೆಯಲ್ಲಿ ಅವನಿದ್ದ. ಇತ್ತ ಅವನ ಚಿಕ್ಕಪ್ಪ ತೌಕೆಲ್ ಕಜಾಕರ ಖಾನನಾದ. 1594ರಲ್ಲಿ ಕುಲ್ ಮುಹಮ್ಮದ್ ಎಂಬ ರಾಯಭಾರಿಯನ್ನು ಮಾಸ್ಕೋಗೆ ಕಳುಹಿಸಿ, ಬುಖಾರಾದ ವಿರುದ್ಧ ಕೋವಿಗಳನ್ನೂ, ಅಣ್ಣನ ಮಗನ ಬಿಡುಗಡೆಯನ್ನೂ ಕೇಳಿದ. ರಾಯಭಾರಿ ಸೆರೆಯ ರಾಜಕುಮಾರನನ್ನು ಕಂಡು ಊರಿನ ಸುದ್ದಿ ಹೇಳಿದ್ದು ರಷ್ಯಾದ ರಾಯಭಾರ ದಫ್ತರದಲ್ಲಿ ದಾಖಲಾಗಿದೆ. ನಿನ್ನ ಮಗನನ್ನು ಒತ್ತೆಯಾಗಿ ಕಳುಹಿಸು, ಇವನನ್ನು ಬಿಡುತ್ತೇವೆ ಎಂದು ಮಾಸ್ಕೋ ಉತ್ತರಿಸಿತು. ಒತ್ತೆ ಬರಲಿಲ್ಲ, ಬಿಡುಗಡೆಯೂ ಆಗಲಿಲ್ಲ. 1598ರಲ್ಲಿ ಬೊರಿಸ್ ಗೊದುನೊವ್ ಕ್ರಿಮಿಯಾದ ದಾಳಿಯನ್ನು ನಿರೀಕ್ಷಿಸಿ ಸೆರ್ಪುಖೊವ್ ಬಳಿ ಪಾಳೆಯ ಬಿಟ್ಟಾಗ ಉರಾಜ್ ಮುಹಮ್ಮದ್ ಅಲ್ಲಿಯೂ ಇದ್ದ. ಎರಡು ವರ್ಷ ಕಳೆದು, 1600ರಲ್ಲಿ, ಬೊರಿಸ್ ಅವನಿಗೆ ಕಾಸಿಮೊವ್ ಪಟ್ಟಣವನ್ನು ದಯಪಾಲಿಸಿದ.

ಮಾಸ್ಕೋದ ಲೆಕ್ಕದಲ್ಲಿ ಆ ಕೆಲಸ ಅಲ್ಲಿಗೆ ಮುಗಿಯಿತು. ಸೇವೆಗೆ ಮೆಚ್ಚಿ ಅರಸ ಒಬ್ಬ ಆಶ್ರಿತನಿಗೆ ಜಹಗೀರು ಕೊಟ್ಟ. ಆಮೇಲೆ ನಡೆದದ್ದನ್ನು ತಿಳಿಯಬೇಕಾದರೆ ಕಾದಿರ್ ಅಲಿ ಬೆಕ್‌ನ ಹಾಳೆಗಳನ್ನೇ ತೆರೆಯಬೇಕು.

ಕಾಸಿಮೊವ್‌ನ ಕಲ್ಲಿನ ಮಸೀದಿಯಲ್ಲಿ ಮುಲ್ಲಾಗಳು, ವಿದ್ವಾಂಸರು, ಬೆಕ್‌ಗಳು, ಮಿರ್ಜಾಗಳು, ಊರಿನ ದೊಡ್ಡವರು ಚಿಕ್ಕವರು ಸೇರಿದರು. ಹೊನ್ನಿನ ಹಾಸೊಂದನ್ನು ತಂದು ಹಾಸಿದರು. ಸೈಯದರೊಬ್ಬರು ಖುತ್ಬಾ ಓದಿದರು. ಆಮೇಲೆ ಖಾನನಾಗಲಿರುವವನನ್ನು ಹಾಸಿನ ಮೇಲೆ ಕೂರಿಸಿ, ನಾಲ್ಕು ಜನ ನಾಲ್ಕು ಅಂಚು ಹಿಡಿದು ಮೇಲಕ್ಕೆತ್ತಿದರು. ನೆರೆದವರು ಒಕ್ಕೊರಲಿನಿಂದ ಕೂಗಿದರು. ಆಸ್ಥಾನದ ಹಿರಿಯರು ಖಾನನ ಮೇಲೆ ನಾಣ್ಯ ತೂರಿದರು. ಔತಣಕ್ಕೆ ಪ್ರಾಣಿಗಳನ್ನು ಕೊಯ್ದು ಬಡಬಗ್ಗರಿಗೂ ಹಂಚಿದರು. ಬೆಕ್ ಇದನ್ನೆಲ್ಲ ಕೇಳಿ ಬರೆದದ್ದಲ್ಲ. ಕಾಸಿಮೊವ್‌ನಲ್ಲಿ ಖಾನನ ಪಕ್ಕದಲ್ಲಿ ನಿಲ್ಲುವ ಹಕ್ಕು ಅರ್ಗಿನ್, ಕಿಪ್ಚಾಕ್, ಮಂಗಿತ್, ಜಲಾಯಿರ್ ಎಂಬ ನಾಲ್ಕು ಕುಲಗಳ ಮುಖ್ಯಸ್ಥರದು. ಜಲಾಯಿರ್ ಕುಲದ ಸ್ಥಾನ ಅವನದೇ.

ಚೆಂಗೀಸನ ಸಂತತಿಯ ಅರಸರನ್ನು ಹಾಸಿನ ಮೇಲೆ ಕೂರಿಸಿ ಎತ್ತುವ ಸಂಪ್ರದಾಯ ಮಂಗೋಲಿಯದ ಹುಲ್ಲುಗಾವಲಿನಿಂದ ಹೊರಟದ್ದು. ಅಲ್ಲಿ ಬಿಳಿಯ ಕಂಬಳಿಯ ಮೇಲೆ ನಡೆಯುತ್ತಿದ್ದ ವಿಧಿ, ಇಲ್ಲಿ ಓಕಾ ದಡದಲ್ಲಿ ಹೊನ್ನಿನ ಹಾಸಿನ ಮೇಲೆ, ಮಸೀದಿಯ ಚಾವಣಿಯ ಕೆಳಗೆ, ಖುತ್ಬಾದ ಸಮೇತ ನಡೆಯಿತು. ಖಾನನಿಗೆ ನಾಡು ಕೊಟ್ಟವನು ಕ್ರೈಸ್ತ ಅರಸನೇ ಇರಬಹುದು; ಅವನನ್ನು ಖಾನನನ್ನಾಗಿ ಮಾಡಿದವರು ನಾಲ್ಕು ಕುಲದವರು. ಕ್ರಿಮಿಯಾದಲ್ಲೂ ಕಜಾನಿನಲ್ಲೂ ಇಂಥ ನಾಲ್ಕು ಕುಲಗಳ ಪ್ರಾಬಲ್ಯವಿದ್ದದ್ದು ಬೇರೆ ಆಧಾರಗಳಿಂದ ಗೊತ್ತು. ಆದರೆ ಆ ವ್ಯವಸ್ಥೆ ಪಟ್ಟಾಭಿಷೇಕದ ಹೊತ್ತಿಗೆ ಹೇಗೆ ಕೈಕಾಲು ಪಡೆದು ನಡೆಯುತ್ತಿತ್ತೆಂದು ಒಳಗಿನವನೊಬ್ಬ ಕಂಡು ಬರೆದ ಕೆಲವೇ ಸಾಲುಗಳಲ್ಲಿ ಇವು ಸೇರುತ್ತವೆ.

ಇನ್ನು ಗ್ರಂಥದ ಮೈಕಟ್ಟು. ಅದರ ಬಹುಪಾಲು ಕಾದಿರ್ ಅಲಿಯ ಸ್ವಂತದ್ದಲ್ಲ. ಇರಾನಿನ ಮಂಗೋಲ್ ಅರಸರಾದ ಗಾಜಾನ್ ಮತ್ತು ಓಲ್ಜೈತು ಇವರ ವಜೀರನಾಗಿದ್ದ ಹಮದಾನಿನ ರಶೀದುದ್ದೀನ್ 14ನೆಯ ಶತಮಾನದ ಆದಿಯಲ್ಲಿ ಪರ್ಷಿಯನ್ ಭಾಷೆಯಲ್ಲಿ ‘ಜಾಮಿ ಉತ್ ತವಾರೀಖ್’ ಎಂಬ ಮಹಾಗ್ರಂಥವನ್ನು ಮಾಡಿಸಿದ್ದ. ಮಂಗೋಲರ ಕುಲಗಳು, ಚೆಂಗೀಸನ ಪೂರ್ವಿಕರು, ಅವನ ದಿಗ್ವಿಜಯ, ಮಕ್ಕಳು ಮೊಮ್ಮಕ್ಕಳ ಆಳ್ವಿಕೆ, ಎಲ್ಲವೂ ಅದರಲ್ಲಿದ್ದವು. 1318ರಲ್ಲಿ ವಜೀರನ ತಲೆ ಉರುಳಿತು, ಗ್ರಂಥ ಉಳಿಯಿತು. ಚೆಂಗೀಸನ ಮನೆತನದ ಅರಸರಿಗೆಲ್ಲ ಅದು ವಂಶದ ಆಧಾರಗ್ರಂಥವಾಯಿತು. ಕಾದಿರ್ ಅಲಿ ಅದನ್ನು ಮೊಟಕುಗೊಳಿಸಿ ತುರ್ಕಿಗೆ ತಂದ. ಹಾಗಾಗಿಯೇ ಅವನ ಕೃತಿಗೂ ವಿದ್ವಾಂಸರು ಅದೇ ಹೆಸರನ್ನು ಕೊಟ್ಟರು.

ಈ ಭಾಗವನ್ನು ಚೆಂಗೀಸನ ಕಾಲದ ಸಂಗತಿಗೆಂದು ಓದಿದರೆ ಹೊಸದೇನೂ ದಕ್ಕದು. ಅದಕ್ಕೆ ರಶೀದುದ್ದೀನನೇ ಸಾಕು. ಕಾಸಿಮೊವ್‌ನ ಒಬ್ಬ ಬೆಕ್ ಅದನ್ನು ಏಕೆ ತಂದನೆಂದು ಕೇಳಿದರೆ ಮಾತ್ರ ಹಾಳೆಗಳು ಮಾತಾಡತೊಡಗುತ್ತವೆ. ರಶೀದುದ್ದೀನನ ಕುಲವರ್ಣನೆಯಲ್ಲಿ ಜಲಾಯಿರರಿಗೆ ದೊಡ್ಡ ಜಾಗವಿದೆ. ಅವರದು ಹತ್ತು ಕವಲುಗಳ ಕುಲ. ಚೆಂಗೀಸನಿಗೂ ಹಲವು ತಲೆಮಾರು ಹಿಂದೆ ಅವರು ಮೊನೊಲುನ್ ಎಂಬ ಒಡತಿಯನ್ನೂ ಅವಳ ಮಕ್ಕಳನ್ನೂ ಕೊಂದದ್ದಕ್ಕೆ ದಂಡವಾಗಿ, ಅವಳ ವಂಶದವರಿಗೆ ಪಾರಂಪರ್ಯವಾಗಿ ಆಳುಗಳಾದರು. ಆ ಆಳುಗಳ ಕುಲದಲ್ಲೇ ಮುಕಾಲಿ ಹುಟ್ಟಿದ. ಚೆಂಗೀಸ್ ತಾನು ಪಶ್ಚಿಮದ ಕಡೆ ತಿರುಗಿದಾಗ ಉತ್ತರ ಚೀನಾದ ಯುದ್ಧವನ್ನೆಲ್ಲ ಅವನ ಕೈಗೊಪ್ಪಿಸಿದ. ಹೀಗೆ ಚೆಂಗೀಸನ ಮನೆತನದ ಸೇವೆ ಜಲಾಯಿರರಿಗೆ ದಾಸ್ಯವೂ ಹೌದು, ಹೆಮ್ಮೆಯೂ ಹೌದು. ಆ ಮನೆತನದ ಖಾನನ ಕೈಕೆಳಗೆ ಬಾಳಿದ ಜಲಾಯಿರ್ ಬೆಕ್‌ಗೆ ಹಳೆಯ ವಜೀರನ ಗ್ರಂಥ ತನ್ನ ಹಕ್ಕಿನ ಪತ್ರದಂತೆ ಕಂಡಿದ್ದರೆ ಅಚ್ಚರಿಯಿಲ್ಲ.

ರಶೀದುದ್ದೀನ್ ನಿಲ್ಲಿಸಿದ ಕಡೆಯಿಂದ ಮುಂದಕ್ಕೆ ಕಾದಿರ್ ಅಲಿಯ ಸ್ವಂತ ಕಥನ. ಇದು ಸಣ್ಣ ಭಾಗ. ಇತಿಹಾಸಕಾರರು ಮತ್ತೆ ಮತ್ತೆ ಮಗುಚುವ ಹಾಳೆಗಳು ಇವೇ. ಇಲ್ಲಿ ಅವನ ಕೈಯಲ್ಲಿ ದೊಡ್ಡ ಗ್ರಂಥವೇನೂ ಇರಲಿಲ್ಲ. ಕುಲದ ಹಿರಿಯರ ಬಾಯಲ್ಲಿದ್ದ ವಂಶಾವಳಿ, ಹಾಡಿಕೊಂಡು ಬಂದ ವೀರಗಾಥೆ, ತಾನೇ ಕಂಡದ್ದು, ಇವಿಷ್ಟೇ ಬಂಡವಾಳ. ದಾಸ್ತಾನ್ ಎಂಬ ಹೆಸರಿನ ಬಿಡಿಬಿಡಿ ಅಧ್ಯಾಯಗಳಲ್ಲಿ ಉರುಸ್ ಖಾನ್, ತೊಖ್ತಾಮಿಶ್, ತೆಮೂರ್ ಕುತ್ಲುಗ್, ಕ್ರಿಮಿಯಾದ ಹಾಜಿ ಗಿರಾಯ್, ಮಂಗಿತ್ ಕುಲದ ಎದಿಗೆ ಮುಂತಾದವರು ಬಂದು ಹೋಗುತ್ತಾರೆ. ಬರಹ ಇದ್ದಕ್ಕಿದ್ದಂತೆ ಆಡುಮಾತಿನ ಓಟಕ್ಕೆ ಇಳಿಯುತ್ತದೆ. ಇಸವಿಗಳು ಅಪರೂಪ; ಯಾರ ಮಗ ಯಾರು, ಯಾರ ಪಾಲಿಗೆ ಯಾವ ಕುಲ ಬಂತು ಎಂಬುದು ಧಾರಾಳ.

ಯಾರ ಕಥೆ ಏಕೆ ಬಂತೆಂಬುದರಲ್ಲೇ ಆಸ್ಥಾನದ ರಾಜಕಾರಣ ಅಡಗಿದೆ. ಜೋಚಿಯ ರಾಜ್ಯದಲ್ಲಿ ಹೆಸರು ಮಾಡಿದ ಖಾನರು ಎಷ್ಟೋ ಜನ. ಮಾಸ್ಕೋವನ್ನು 1382ರಲ್ಲಿ ಸುಟ್ಟ ತೊಖ್ತಾಮಿಶನ ಮುಂದೆ ಉರುಸ್ ಖಾನನ ಹೆಸರು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಉರುಸ್ ಖಾನನ ಮಗ ಕುಯುರ್ಚುಕ್, ಅವನ ಮಗ ಬರಾಕ್, ಅವನ ಮಗ ಜಾನಿಬೆಕ್, ಅವನ ಮಗ ಜಾದಿಕ್, ಅವನ ಮಗ ಶಿಗಾಯ್, ಅವನ ಮಗ ಒಂದಾನ್, ಅವನ ಮಗ ಉರಾಜ್ ಮುಹಮ್ಮದ್. 15ನೆಯ ಶತಮಾನದ ನಡುವೆ ಗುಂಪು ಕಟ್ಟಿಕೊಂಡು ಬೇರೆ ಹೊರಟು ಕಜಾಕ್ ಖಾನರಾಜ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಈ ಜಾನಿಬೆಕ್ ಒಬ್ಬ. ಸೆರೆಯಾಳಾಗಿ ಬಂದ ಪರದೇಶಿಯನ್ನು ಮಾಸ್ಕೋ ಕಾಸಿಮೊವ್ ಮೇಲೆ ಹೇರಿತೆಂದು ಯಾರೂ ಬೆರಳು ತೋರಿಸಬಾರದು. ಅವನ ಕಾಲಡಿಯ ಮೆಟ್ಟಿಲುಗಳು ಚೆಂಗೀಸನವರೆಗೆ ಎಣಿಕೆಗೆ ಸಿಗಬೇಕು. ಆ ಎಣಿಕೆಯನ್ನು ಬೆಕ್ ಮಾಡಿಕೊಟ್ಟ. ಕಜಾಕ್ ಖಾನರ ಆದಿಯ ಬಗ್ಗೆ ನಮಗಿರುವ ಮುಖ್ಯ ಆಧಾರಗಳಲ್ಲಿ ಒಂದು ಹೀಗೆ ರಷ್ಯಾದ ಒಳನಾಡಿನಲ್ಲಿ ಸಿದ್ಧವಾಯಿತು.

ಎದಿಗೆಯ ದಾಸ್ತಾನ್ ಇನ್ನೂ ಸೂಕ್ಷ್ಮ. ಎದಿಗೆ ಖಾನನಲ್ಲ, ಮಂಗಿತ್ ಕುಲದ ಸೇನಾನಿ. 1399ರಲ್ಲಿ ವೋರ್ಸ್ಕ್ಲಾ ನದಿಯ ದಡದಲ್ಲಿ ತೆಮೂರ್ ಕುತ್ಲುಗನ ಜೊತೆ ನಿಂತು, ತೊಖ್ತಾಮಿಶನ ಬೆಂಬಲಕ್ಕೆ ಬಂದ ಲಿಥುವೇನಿಯದ ವಿತಾವ್ತನ ಸೈನ್ಯವನ್ನು ಧೂಳೀಪಟ ಮಾಡಿದ. 1408ರಲ್ಲಿ ಮಾಸ್ಕೋಗೆ ಮುತ್ತಿಗೆ ಹಾಕಿದ. ಖಾನರನ್ನು ಕೂರಿಸುವುದೂ ಇಳಿಸುವುದೂ ಅವನ ಕೈಯಲ್ಲಿತ್ತು. ತಾನು ಖಾನನಾಗುವುದು ಮಾತ್ರ ಅವನಿಂದಾಗದು, ಚೆಂಗೀಸನ ರಕ್ತವಿಲ್ಲ. ಕಾದಿರ್ ಅಲಿ ಈ ಎದಿಗೆಗೆ ಬೇರೊಂದು ವಂಶವೃಕ್ಷವನ್ನು ಕೊಡುತ್ತಾನೆ: ಬಾಬಾ ತುಕ್ಲೆಸ್ ಎಂಬ ಸಂತನ ಮೂಲಕ ಮೊದಲ ಖಲೀಫ ಅಬೂಬಕರನ ತನಕ. ಹುಲ್ಲುಗಾವಲಿನ ಕಥೆಗಳಲ್ಲಿ ಬಾಬಾ ತುಕ್ಲೆಸ್ ದೊಡ್ಡ ಹೆಸರು. 16ನೆಯ ಶತಮಾನದ ನಡುವೆ ಖ್ವಾರೆಜ್ಮಿನ ಓತೆಮಿಶ್ ಹಾಜಿ ಬರೆದ ಚರಿತ್ರೆಯಲ್ಲಿ, ಉರಿಯುವ ಒಲೆಯೊಳಕ್ಕೆ ಹೊಕ್ಕು ಕೂದಲೂ ಕೊಂಕದೆ ಹೊರಬಂದು ಉಜ್ಬೆಕ್ ಖಾನನನ್ನು ಇಸ್ಲಾಮಿಗೆ ಒಲಿಸಿದವನು ಅವನೇ.

ಅಬೂಬಕರನವರೆಗಿನ ಆ ಪಟ್ಟಿ ಚಾರಿತ್ರಿಕ ಸತ್ಯವೆಂದು ಇಂದು ಯಾರೂ ಸಾಧಿಸಲು ಹೋಗುವುದಿಲ್ಲ. ಅದನ್ನು ಸುಳ್ಳೆಂದು ಬದಿಗಿಟ್ಟರೂ ನಷ್ಟವೇ. ಚೆಂಗೀಸನ ರಕ್ತವಿಲ್ಲದ ಬಲಶಾಲಿ ಕುಲವೊಂದು ತನ್ನ ಅಧಿಕಾರಕ್ಕೆ ಧರ್ಮದ ಕಡೆಯಿಂದ ಆಧಾರ ಹುಡುಕುತ್ತಿತ್ತೆಂದೂ, 1602ರ ಹೊತ್ತಿಗೆ ಆ ವಾದ ಆಸ್ಥಾನದ ಚರಿತ್ರೆಯೊಳಗೇ ಬಂದು ಕುಳಿತಿತ್ತೆಂದೂ ಅದರಿಂದ ತಿಳಿಯುತ್ತದೆ. ಎದಿಗೆಯ ಸಂತತಿಯವರೇ ನೊಗಾಯ್ ತಂಡದ ಒಡೆಯರು. ಕಾಸಿಮೊವ್‌ನಲ್ಲಿ ಮಂಗಿತ್ ಬೆಕ್ ನಾಲ್ಕು ಕುಲದವರಲ್ಲಿ ಒಬ್ಬ. ಕಾದಿರ್ ಅಲಿ ತನ್ನ ಖಾನನ ಮೆಟ್ಟಿಲುಗಳನ್ನು ಎಣಿಸಿದಷ್ಟೇ ಜಾಗರೂಕತೆಯಿಂದ, ಖಾನನ ಇನ್ನೊಂದು ಪಕ್ಕದಲ್ಲಿ ನಿಲ್ಲುವವನ ಮಾನವನ್ನೂ ಕಾಯ್ದ.

ಅವನು ಹೇಳುವುದೆಲ್ಲ ಖಾನರ ಮತ್ತು ಕುಲಮುಖ್ಯರ ಕಥೆ. ರೈತನಿಲ್ಲ, ವ್ಯಾಪಾರಿಯಿಲ್ಲ, ತೆರಿಗೆಯ ಲೆಕ್ಕವಿಲ್ಲ. ಕಜಾನಿನ ಪತನದ ದುಃಖವನ್ನು ಅಲ್ಲಿ ಹುಡುಕಿ ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಆ ಕೋಟೆಯ ಮುತ್ತಿಗೆಯಲ್ಲಿ ಕಾಸಿಮೊವ್‌ನ ತಾತಾರರು ಇವಾನನ ಪಕ್ಷದಲ್ಲಿ ಕಾದಿದ್ದರು. ಬೊರಿಸನ ಪ್ರಶಸ್ತಿ ಬರೆದ ಕೈಯಿಂದ ಅಂಥ ದುಃಖವನ್ನು ನಿರೀಕ್ಷಿಸುವುದೂ ಸಲ್ಲದು. ಹಾಗೆಂದು ಆ ಪ್ರಶಸ್ತಿಯನ್ನು ಬರೀ ಮುಖಸ್ತುತಿಯೆಂದು ದಾಟಿ ಹೋಗುವಂತಿಲ್ಲ. ಮಾಸ್ಕೋದ ಅರಸ ಈಗ ಕಜಾನಿನ, ಅಸ್ತ್ರಾಖಾನಿನ, ಸೈಬೀರಿಯದ ಒಡೆಯನೆಂದು ತನ್ನ ಬಿರುದಾವಳಿಯಲ್ಲೇ ಬರೆಸಿಕೊಳ್ಳುತ್ತಿದ್ದ. ಆ ಸಿಂಹಾಸನಗಳ ಹಳೆಯ ಹಕ್ಕುದಾರರ ಮನೆತನವನ್ನು ಸೇವಿಸಿದ ಒಬ್ಬ ಬೆಕ್ ಅವನನ್ನು ಪಾದಷಾಹನೆಂದು ಒಪ್ಪಿಕೊಂಡದ್ದು, ಒಪ್ಪಿಕೊಳ್ಳುತ್ತಲೇ ತಮ್ಮ ಖಾನನನ್ನು ತಾವೇ ಎತ್ತಿದೆವೆಂದು ದಾಖಲಿಸಿದ್ದು, ಎರಡೂ ಒಂದೇ ಗ್ರಂಥದಲ್ಲಿವೆ.

ಆ ಸಮತೋಲ ಬಹಳ ದಿನ ಬಾಳಲಿಲ್ಲ. 1605ರಲ್ಲಿ ಬೊರಿಸ್ ತೀರಿಕೊಂಡ. ರಷ್ಯಾ ಅರಾಜಕತೆಗೆ ಜಾರಿತು. ಸತ್ತ ರಾಜಕುಮಾರ ದ್ಮಿತ್ರಿ ತಾನೇ ಎಂದು ಹೇಳಿಕೊಂಡು ಒಬ್ಬರ ಹಿಂದೊಬ್ಬರು ಎದ್ದರು. ಉರಾಜ್ ಮುಹಮ್ಮದ್ ಎರಡನೆಯ ಹುಸಿ ದ್ಮಿತ್ರಿಯ ಪಾಳೆಯ ಸೇರಿದ. ಆಮೇಲೆ ಅವನನ್ನು ಬಿಟ್ಟು, ಸ್ಮೊಲ್ಯೆನ್ಸ್ಕ್‌ಗೆ ಮುತ್ತಿಗೆ ಹಾಕಿದ್ದ ಪೋಲೆಂಡಿನ ಅರಸನ ಬಳಿ ಹೋದ. ಹುಸಿ ದ್ಮಿತ್ರಿಯ ಬಳಿ ಉಳಿದಿದ್ದ ಮಗನನ್ನು ಕಾಣಲು 1610ರ ಕೊನೆಯಲ್ಲಿ ಕಲುಗಾ ಪಟ್ಟಣಕ್ಕೆ ಬಂದವನನ್ನು ಹುಸಿ ದ್ಮಿತ್ರಿ ಬೇಟೆಯ ನೆಪದಲ್ಲಿ ಕರೆದೊಯ್ದು ಕೊಲ್ಲಿಸಿದ. ಕೆಲವೇ ವಾರಗಳಲ್ಲಿ, ಡಿಸೆಂಬರ್‌ನಲ್ಲಿ, ಪ್ಯೋತ್ರ್ ಉರುಸೊವ್ ಎಂಬ ನೊಗಾಯ್ ರಾಜಕುಮಾರ ಅದೇ ಊರಿನ ಹೊರಗೆ ಹುಸಿ ದ್ಮಿತ್ರಿಯನ್ನು ಕೊಂದು ಸೇಡು ತೀರಿಸಿಕೊಂಡ. ಉರುಸೊವ್ ಎದಿಗೆಯ ಸಂತತಿಯವನು. ಕಾದಿರ್ ಅಲಿ ಕಾಗದದ ಮೇಲೆ ಅಕ್ಕಪಕ್ಕ ನಿಲ್ಲಿಸಿದ್ದ ಎರಡು ವಂಶಗಳ ನಂಟು ಕಲುಗಾದಲ್ಲಿ ರಕ್ತದ ಲೆಕ್ಕಕ್ಕೆ ಬಂತು.

1614ರಲ್ಲಿ ಮಾಸ್ಕೋ ಕಾಸಿಮೊವ್‌ಗೆ ಮತ್ತೊಬ್ಬ ಖಾನನನ್ನು ಕಳುಹಿಸಿತು: ಸೈಬೀರಿಯದ ಕುಚುಮನ ಮೊಮ್ಮಗ ಅರ್ಸ್ಲಾನ್. ಅವನ ಮಗ ಸೈಯದ್ ಬುರ್ಹಾನ್ ಕ್ರೈಸ್ತನಾಗಿ ವಾಸಿಲಿ ಎನಿಸಿಕೊಂಡ. ಕಾಸಿಮೊವ್ ಆಳಿದವರಲ್ಲಿ ಕಡೆಯವಳು ಬುರ್ಹಾನನ ತಾಯಿ ಫಾತಿಮಾ ಸುಲ್ತಾನ್. 1681ರಲ್ಲಿ ಅವಳು ಕಣ್ಣುಮುಚ್ಚಿದ ಮೇಲೆ ಖಾನರಾಜ್ಯ ರಷ್ಯಾದ ಒಂದು ಸಾಮಾನ್ಯ ಪಟ್ಟಣವಾಯಿತು.

ಕಾದಿರ್ ಅಲಿಯ ಗ್ರಂಥ ಕೈಯಿಂದ ಕೈಗೆ ದಾಟುತ್ತ, 19ನೆಯ ಶತಮಾನದಲ್ಲಿ ಕಜಾನಿನ ತಾತಾರ ವಿದ್ವಾಂಸ ಇಬ್ರಾಹೀಂ ಖಲ್ಫಿನ್ ಮೂಲಕ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿತು. ಪ್ರೊಫೆಸರ್ ಇಲ್ಯಾ ಬೆರೆಜಿನ್ ಅದನ್ನು 1854ರಲ್ಲಿ ಅಚ್ಚು ಹಾಕಿಸಿದರು. ಕಜಾಕ್ ಸುಲ್ತಾನರ ಮನೆತನದ ಚೋಕನ್ ವಲಿಖಾನೊವ್ ತಮ್ಮ ಪೂರ್ವಿಕರ ಸುಳಿವುಗಳಿಗಾಗಿ ಅದನ್ನು ಓದಿ, ಕೆಲವು ಭಾಗಗಳನ್ನು ರಷ್ಯನ್ ಭಾಷೆಗೆ ತಂದರು. ರಷ್ಯನ್ ವಿದ್ವಾಂಸ ವೆಲ್ಯಾಮಿನೊವ್-ಜೆರ್ನೊವ್ 1863ರಿಂದ ಪ್ರಕಟಿಸಿದ ಕಾಸಿಮೊವ್ ಅರಸರ ದೊಡ್ಡ ಇತಿಹಾಸದಲ್ಲಿ, ಈ ಬೆಕ್‌ನ ಮಾತನ್ನು ಮಾಸ್ಕೋದ ದಾಖಲೆಗಳ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಒರೆಗೆ ಹಚ್ಚಿದರು. 1922ರಲ್ಲಿ ತಾತಾರ ಸಾಹಿತಿ ಗಾಲಿ ರಹೀಮ್ ಅವರಿಗೆ ಮತ್ತೊಂದು ಪ್ರತಿ ಸಿಕ್ಕಿತು. 1972ರಲ್ಲಿ ಕಜಾನಿನ ಮಿರ್ಕಾಸಿಂ ಉಸ್ಮಾನೊವ್ 17–18ನೆಯ ಶತಮಾನಗಳ ತಾತಾರ ಆಕರಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಇದಕ್ಕೆ ಮುಖ್ಯ ಸ್ಥಾನ ಕೊಟ್ಟರು. ಇಂದು ತಾತಾರರೂ ಕಜಾಕರೂ ಇಬ್ಬರೂ ಇದನ್ನು ತಮ್ಮದೆನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ: ಹೇಳಿದವನೂ ಹೇಳಿಸಿಕೊಂಡವನೂ ಕಜಾಕ್ ಖಾನರ ಬಳಗಕ್ಕೆ ಸೇರಿದವರು, ಹೇಳಿದ ಊರು ತಾತಾರರದು, ಕಥೆ ಇಬ್ಬರಿಗೂ ಸೇರಿದ ಜೋಚಿಯ ಮನೆತನದ್ದು.

ಈ ಗ್ರಂಥವನ್ನು ಆಕರವಾಗಿ ಬಳಸುವವರು ಅದರೊಳಗಿನ ಮೂರು ಪದರಗಳನ್ನು ಬೇರ್ಪಡಿಸಿಕೊಳ್ಳಬೇಕು. ರಶೀದುದ್ದೀನನಿಂದ ಬಂದದ್ದು ಒಂದು. ಕುಲದ ನೆನಪಿನಿಂದ ಬಂದದ್ದು ಇನ್ನೊಂದು. ಬೆಕ್ ಕಣ್ಣಾರೆ ಕಂಡದ್ದು ಮೂರನೆಯದು. ಮೊದಲನೆಯದರಲ್ಲಿ ಅವನ ಆಯ್ಕೆಯನ್ನು, ಎರಡನೆಯದರಲ್ಲಿ ಅವನ ಪಕ್ಷಪಾತವನ್ನು ಗಮನಿಸಬೇಕು; ಮೂರನೆಯದರಲ್ಲಿ ಮಾತ್ರ ಅವನ ಸಾಕ್ಷ್ಯವನ್ನು ನಂಬಬಹುದು. ಹೀಗೆ ಬಿಡಿಸಿ ಓದಿದಾಗ 1600ರ ಒಂದೇ ಘಟನೆಗೆ ಎರಡು ದಾಖಲೆಗಳು ಎದುರುಬದುರಾಗುತ್ತವೆ. ಅರಸ ಕೊಟ್ಟನೆಂದು ಮಾಸ್ಕೋದ ಕಡತ ಹೇಳುತ್ತದೆ. ಕುಲಗಳು ಎತ್ತಿದವೆಂದು ಕಾಸಿಮೊವ್‌ನ ಬೆಕ್ ಹೇಳುತ್ತಾನೆ. ಎರಡೂ ನಿಜ. ಕಡತವೊಂದೇ ಉಳಿದಿದ್ದರೆ ಕಾಸಿಮೊವ್‌ನ ಖಾನರು ಮಾಸ್ಕೋದ ಸಂಬಳದ ಪಟ್ಟಿಯಲ್ಲಿ ಬರುವ ಕೆಲವು ವಿದೇಶಿ ಹೆಸರುಗಳಾಗಿ ನಿಂತುಬಿಡುತ್ತಿದ್ದರು. ಸಾಮ್ರಾಜ್ಯದ ಹೊಟ್ಟೆಯೊಳಗಿದ್ದುಕೊಂಡೇ ತಮ್ಮ ಅರಸನನ್ನು ತಮ್ಮ ವಿಧಿಯಿಂದ ಮಾಡಿಕೊಂಡ ಒಂದು ಸಮಾಜ ಅಲ್ಲಿತ್ತೆಂಬುದಕ್ಕೆ, ಹಾಸಿನ ಅಂಚಿಗೆ ಕೈಹಚ್ಚುವ ಹಕ್ಕಿದ್ದ ಕುಲದ ಮುಖ್ಯಸ್ಥನೇ ಸಾಕ್ಷಿ ಬರೆದಿಟ್ಟ.